ಕೆಮ್ಮಿನ ಮರೆಯ ನಾಯಿ

ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತಿರುವ ವಿಷಯ ಇದು. ನೀರು ಸರಿಯಾಗಿ ಬರುತ್ತದೆಯೇ ಎಂದು ನಾವು ಬಾಯಿ ತೆರೆಯುವ ಮೊದಲೇ ಮನೆ ಒಡೆಯರು ಕೇಳಿರುತ್ತಾರೆ: "ನಾಯಿ-ಗೀಯಿ ಇಲ್ಲ ತಾನೆ?" ಆ "ತಾನೆ"ಯ ಎದುರು "ಇದೆ" ಎನ್ನುವ ಧೈರ್ಯ ಎಷ್ಟು ಜನಕ್ಕಿರುತ್ತದೆ?

ನಮ್ಮ ಬಸ್ ಡ್ರೈವರಿಗೂ ಇರಲಿಲ್ಲ. "ಇಲ್ಲಮ್ಮ, ನಾವು ಮೂರೇ ಜನ," ಎಂದುಬಿಟ್ಟ. ಕೇಳಿದವರು ಮನೆಯ ಒಡತಿ, ಮಹಡಿ ಮೇಲೆ ಒಬ್ಬರೇ ಇರುವ ನಿವೃತ್ತ ನರ್ಸಮ್ಮ. ಕೆಳಗಿನ ಮನೆಗೆ ಬಂದದ್ದು ಡ್ರೈವರು, ಮನೆಯಲ್ಲೇ ಬಟ್ಟೆ ಹೊಲಿಯುವ ಅವನ ಹೆಂಡತಿ ಮತ್ತು ಎಂಟನೇ ಕ್ಲಾಸಿನ ಮಗಳು ಚೂಟಿ. ಜೊತೆಗೆ, ಬಟ್ಟೆ ಗಂಟುಗಳ ನಡುವೆ ಅಡಗಿಕೊಂಡು ಬೊಗಸೆ ಎಂಬ ನಾಯಿಯೂ ಬಂತು. ಮರಿಯಾಗಿದ್ದಾಗ ಅದು ಚೂಟಿಯ ಬೊಗಸೆಯಲ್ಲಿ ಹಿಡಿಯುತ್ತಿತ್ತು, ಅದಕ್ಕೇ ಆ ಹೆಸರು. ಈಗ ಗಂಟಿನ ಹಿಂದೆಯೂ ಬಾಲ ಮರೆಯಾಗುತ್ತಿರಲಿಲ್ಲ.

ಬೊಗಸೆ ಬೊಗಳಿದಾಗಲೆಲ್ಲ ಡ್ರೈವರು ಜೋರಾಗಿ ಕೆಮ್ಮುತ್ತಿದ್ದ. ಅವನು ಡ್ಯೂಟಿಗೆ ಹೋದರೆ ಹೆಂಡತಿ ಸೂಜಿಗೆ ದಾರವೇ ಇಲ್ಲದೆ ಮೆಷಿನ್ ತುಳಿಯುತ್ತಿದ್ದಳು. ನಾಯಿಯ ದನಿ ಮುಳುಗಿದರೆ ಸಾಕಿತ್ತು.

"ಏನಪ್ಪಾ, ಎಂಥ ಕೆಟ್ಟ ಕೆಮ್ಮು ನಿಂದು?" ಎಂದರು ನರ್ಸಮ್ಮ, ಮೆಟ್ಟಿಲ ಮೇಲಿನಿಂದ.

"ಧೂಳಮ್ಮ, ರೋಡಿನ ಧೂಳು."

ಅವರು ಜೇನುತುಪ್ಪ ಕಳಿಸಿದರು. ಆಮೇಲೆ ಶುಂಠಿ ಕಳಿಸಿದರು. ಕೆಮ್ಮು ನಿಲ್ಲಲಿಲ್ಲ. ಕೊನೆಗೆ ಒಂದು ಭಾನುವಾರ ತಾವೇ ಇಳಿದು ಬಂದು, ಡ್ರೈವರನ್ನು ಸ್ಟೂಲಿನ ಮೇಲೆ ಕೂರಿಸಿ, ಬೆನ್ನಿಗೆ ಕಿವಿ ಇಟ್ಟರು.

"ಉಸಿರು ಎಳಿ. ಬಿಡು. ಹೂಂ, ಎದೆ ಚೆನ್ನಾಗೇ ಇದೆಯಲ್ಲೋ. ಎಲ್ಲಿ, ಒಂದ್ಸಲ ಕೆಮ್ಮು?"

ಅಷ್ಟರಲ್ಲಿ ಒಳಕೋಣೆಯಿಂದ ಬೊಗಸೆ ತಾನೇ ಉತ್ತರ ಕೊಟ್ಟಿತು. ಒಂದಲ್ಲ, ನಾಲ್ಕು ಸಲ.

"ಬಾಯಿ ತೆರೀದೇ ಕೆಮ್ಮೋ ರೋಗೀನ ಇವತ್ತೇ ನೋಡಿದ್ದು," ಎಂದರು ನರ್ಸಮ್ಮ. ಅವರ ಮುಖದಲ್ಲಿ ನಗು ಇರಲಿಲ್ಲ. "ತಿಂಗಳ ಕೊನೆಗೆ ನಾಯಿ ಹೋಗ್ಬೇಕು. ಇಲ್ಲಾಂದ್ರೆ ನೀವು ಹೋಗ್ಬೇಕು."

ಹೋಗುವುದೆಲ್ಲಿಗೆ? ಹೊಲಿಗೆಯ ಗಿರಾಕಿಗಳೆಲ್ಲ ಈಗತಾನೇ ಈ ಬೀದಿಯಲ್ಲಿ ಕುದುರಿದ್ದರು. ನರ್ಸಮ್ಮ ಮೆಟ್ಟಿಲು ಹತ್ತಿ ಹೋದಮೇಲೆ ಡ್ರೈವರು ತಲೆ ಕೆರೆದುಕೊಂಡ. "ಡಿಪೋ ಹತ್ರ ಬಿಟ್ಟು ಬರ್ತೀನಿ. ಅಲ್ಲಿ ಕ್ಯಾಂಟೀನ್ ಇದೆ, ಹೇಗೋ ಬದುಕ್ಕೊಳ್ಳುತ್ತೆ."

"ನನ್ನನ್ನೂ ಅಲ್ಲೇ ಬಿಡಪ್ಪ," ಎಂದಳು ಚೂಟಿ. "ಕ್ಯಾಂಟೀನ್ ಇದ್ಯಲ್ಲ."

ಅದೇ ಹೊತ್ತಿಗೆ ಪಕ್ಕದ ಬೀದಿಯ ಬೇಕರಿಯಕ್ಕ ಹೊಲಿಯಲು ಕೊಟ್ಟ ಬಟ್ಟೆ ಕೇಳಿಕೊಂಡು ಬಂದಳು. ಮೂವರ ಮುಖ ನೋಡಿದವಳು ವಿಷಯ ತಿಳಿದುಕೊಳ್ಳದೆ ಬಿಡಲಿಲ್ಲ.

"ನಾನೂ ಬಾಡಿಗೆಯವಳೇ. ಎರಡು ಬೆಕ್ಕಿದಾವೆ ಅಂತ ಓನರಿಗೆ ಮೊದಲೇ ಹೇಳಿದ್ದೆ," ಎಂದಳು.

"ನಿಮ್ಮ ಬೆಕ್ಕು ಬೊಗಳುತ್ತಾ ಅಕ್ಕ? ನಾಯಿ ಇದೆ ಅಂದ್ರೆ ಗೇಟ್ ಒಳಗೇ ಬಿಡಲ್ಲ," ಎಂದ ಡ್ರೈವರು.

"ನಾಕು ಮನೆಯವರು ನನ್ನೂ ಬಿಡ್ಲಿಲ್ಲಪ್ಪ. ಐದನೆಯವರು ಬಿಟ್ರು. ಅಲ್ಲಿ ನಿಶ್ಚಿಂತೆಯಾಗಿ ನಿದ್ದೆ ಮಾಡ್ತಿದೀನಿ. ನೀನು ಕೆಮ್ಮಿ ಕೆಮ್ಮಿ ಗಂಟಲು ಹರ್ಕೊಂಡೆ. ಇರ್ಲಿ, ಲಸಿಕೆ ಹಾಕ್ಸಿದ್ದೀರಾ?"

ಹಾಕಿಸಿರಲಿಲ್ಲ. ಬಚ್ಚಿಟ್ಟ ನಾಯಿಯನ್ನು ಹೊರಗೆ ಕರೆದೊಯ್ಯುವುದು ಹೇಗೆ?

"ನೋಡಿದ್ರಾ? ಬಚ್ಚಿಟ್ಟಿದ್ರಿಂದ ಮೊದಲ ನಷ್ಟ ಅದಕ್ಕೇ. ಲಸಿಕೆ ಇಲ್ಲ, ಓಡಾಟ ಇಲ್ಲ. ಇಡೀ ದಿನ ಕೋಣೇಲಿ ಕೂಡಿಹಾಕಿದ್ರೆ ಬೊಗಳದೆ ಇನ್ನೇನು ಮಾಡುತ್ತೆ? ಮೊದಲು ಪಶು ಆಸ್ಪತ್ರೆಗೆ ಹೋಗಿ. ಆಮೇಲೆ ಮೂವರೂ ಮೇಲೆ ಹೋಗಿ ತಪ್ಪಾಯ್ತು ಅನ್ನಿ. ಅವರಿಗೇನು ಭಯ ಅಂತ ಕೇಳಿ. ಒಪ್ಪಿದ್ದನ್ನ ಬಾಡಿಗೆ ಕರಾರಿಗೆ ಸೇರ್ಸಿ. ಬಾಯಿ ಮಾತು ಬೇಡ."

ಮರುದಿನವೇ ಬೊಗಸೆಗೆ ರೇಬೀಸ್ ಲಸಿಕೆ ಬಿತ್ತು. ನಾಯಿಯ ನೋಂದಣಿ ಮಾಡಿಸಬೇಕೇ ಎಂದು ಚೂಟಿಯ ತಾಯಿ ನಗರಸಭೆಯಲ್ಲಿ ವಿಚಾರಿಸಿ ಬಂದಳು. ಚೂಟಿ ಬೆಳಿಗ್ಗೆ ಸಂಜೆ ಬೊಗಸೆಯನ್ನು ಓಡಾಡಿಸತೊಡಗಿದಳು. ದಣಿದು ಬಂದ ನಾಯಿ ಮೆಷಿನ್ ಪಕ್ಕ ಬಿದ್ದುಕೊಂಡು ಗೊರಕೆ ಹೊಡೆಯುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಬೊಗಳುವುದು ಅರ್ಧಕ್ಕರ್ಧ ಇಳಿಯಿತು.

ಮೂವರೂ ಮಹಡಿ ಹತ್ತಿದರು. ಡ್ರೈವರು "ಸುಳ್ಳು ಹೇಳಿದ್ದು ತಪ್ಪಾಯ್ತಮ್ಮ," ಎಂದು ಅಲ್ಲಿಗೇ ನಿಂತುಬಿಟ್ಟ. ಮುಂದಿನ ಮಾತು ಎತ್ತಿಕೊಂಡವಳು ಚೂಟಿ.

"ಅಜ್ಜಿ, ಬೊಗಸೆ ಇದ್ರೆ ನಿಮಗೆ ಏನೇನು ಭಯ? ಒಂದೊಂದೇ ಹೇಳಿ."

ತಾಯಿ ಮೆಲ್ಲಗೆ ಚಿವುಟಿದಳು. ಹುಡುಗಿ ಜಗ್ಗಲಿಲ್ಲ.

"ಬಾಗಿಲು ಕೆರೆದು ಹಾಳು ಮಾಡಿದ್ರೆ?" ಎಂದರು ನರ್ಸಮ್ಮ.

"ನಾವೇ ಸರಿ ಮಾಡಿಸ್ತೀವಿ."

"ಅಂಗಳ ಹೊಲಸು ಮಾಡಿದ್ರೆ?"

"ನಾನೇ ಬಳಿದು ತೆಗೀತೀನಿ. ಅಪ್ಪನ ಕೈಲಿ ಆಗಲ್ಲ, ವಾಕರಿಕೆ ಬರುತ್ತೆ ಅವ್ರಿಗೆ."

ನರ್ಸಮ್ಮನ ತುಟಿಯಂಚಿಗೆ ನಗು ಬಂದು ಹೋಯಿತು. ಅವರು ಕನ್ನಡಕ ತೆಗೆದು ಒರೆಸಿದರು.

"ಹಿಂದೆ ಕೆಳಗಿನ ಮನೇಲಿದ್ದವರೂ ಒಂದು ನಾಯಿ ಸಾಕಿದ್ರು. ಖಾಲಿ ಮಾಡೋವಾಗ ಗೋಡೆ ಮೊಳೆ ಸಮೇತ ಕಿತ್ಕೊಂಡು ಹೋದ್ರು, ನಾಯೀನ ಮಾತ್ರ ಗೇಟಿಗೆ ಕಟ್ಟಿ ಹೋದ್ರು. ಗಾಡಿ ಸದ್ದಾದಾಗಲೆಲ್ಲ ಎದ್ದು ನಿಲ್ಲೋದು. ಏನಿಟ್ರೂ ಮೂಸ್ತಿರ್ಲಿಲ್ಲ. ಹಾಗೇ ಸೊರಗಿ ಸತ್ತು ಹೋಯ್ತು. ಎಷ್ಟೋ ರೋಗಿಗಳಿಗೆ ಉಣಿಸಿದ ಕೈ ಇದು ಮಗು. ಅದಕ್ಕೊಂದು ತುತ್ತು ತಿನ್ಸೋಕಾಗ್ಲಿಲ್ಲ. ಇನ್ನೊಂದ್ಸಲ ಅದನ್ನ ನೋಡೋ ಶಕ್ತಿ ನನಗಿಲ್ಲ."

ಡಿಪೋದ ಮಾತಾಡಿದ್ದ ಡ್ರೈವರು ತಲೆ ಎತ್ತಲಿಲ್ಲ.

ಚೂಟಿ ಅವರ ಹತ್ತಿರ ಹೋಗಿ ಕುಳಿತಳು. "ಹಾಗಾದ್ರೆ ಅದನ್ನೇ ಮೊದಲು ಬರೀರಿ ಅಜ್ಜಿ. ನಾವು ಮನೆ ಬಿಡೋ ದಿನ ಬೊಗಸೆ ನಮ್ಮ ಜೊತೆಗೇ ಬರ್ಬೇಕು ಅಂತ. ಬಾಗಿಲು, ಅಂಗಳ ಎಲ್ಲ ಅದರ ಕೆಳಗೆ ಬರ್ಲಿ. ಬೊಗಸೆ ಗಾಡಿ ಹತ್ತಿದ್ದನ್ನ ನೋಡ್ಕೊಂಡೇ ನೀವು ಬೀಗದ ಕೈ ಇಸ್ಕೊಳ್ಳಿ."

ನರ್ಸಮ್ಮ ಕನ್ನಡಕ ಹಾಕಿಕೊಂಡು ಹುಡುಗಿಯನ್ನು ನೋಡಿದರು. ಆಮೇಲೆ ತಾಯಿಯ ಕಡೆ ತಿರುಗಿದರು. "ಇಂಥ ಮಾತು ಯಾರಮ್ಮ ಕಲಿಸಿದ್ದು ಇವಳಿಗೆ?"

"ಯಾರೂ ಕಲಿಸಿಲ್ಲಮ್ಮ. ಅದು ಅವಳದೇ," ಎಂದಳು ತಾಯಿ. ಹಗಲಿಡೀ ಮೆಷಿನ್ನಿನ ಮುಂದೆ ಬಗ್ಗುವ ಅವಳ ಬೆನ್ನು ಆ ಹೊತ್ತು ನೆಟ್ಟಗೆ ನಿಂತಿತ್ತು. ಮಗಳಿಗೆ ಓದು ಹೇಳಿಕೊಡಲು ಪುರುಸೊತ್ತು ಸಿಕ್ಕಲಿಲ್ಲವಲ್ಲ ಎಂದು ಕೊರಗುತ್ತಿದ್ದವಳು ಅವಳು.

ಚೂಟಿ ಹೇಳಿದ ಕ್ರಮದಲ್ಲೇ ಬಾಡಿಗೆ ಕರಾರು ಹೊಸದಾಗಿ ಆಯಿತು. ನರ್ಸಮ್ಮ, ಡ್ರೈವರು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡರು. ಈಗ ಬೀದಿಯಲ್ಲಿ ಯಾರಾದರೂ "ನಿಮ್ಮನೇಲಿ ನಾಯಿ ಇದ್ಯಂತೆ?" ಎಂದರೆ, ಡ್ರೈವರಿಗಿಂತ ಮೊದಲು ನರ್ಸಮ್ಮನೇ ಮಹಡಿಯಿಂದ ಬಗ್ಗಿ ಹೇಳುತ್ತಾರೆ: "ಇದೆ! ಲಸಿಕೆ ಆಗಿದೆ. ನಿಮ್ಮನೇದಕ್ಕೆ ಆಗಿದ್ಯಾ?"

ಅಕ್ಕಂದಿರೇ, ಅಣ್ಣಂದಿರೇ, ಮನೆ ಕೇಳಲು ಹೋದಾಗ ಸಾಕುಪ್ರಾಣಿಯ ವಿಷಯ ಮೊದಲೇ ಹೇಳಿ. ಲಸಿಕೆಯ ಕಾರ್ಡನ್ನು ಜೊತೆಗೇ ಒಯ್ಯಿರಿ. ಹೊಲಸು ತೆಗೆಯುವವರು ಯಾರು, ಹಾಳಾದದ್ದನ್ನು ಸರಿ ಮಾಡಿಸುವವರು ಯಾರು ಎಂಬುದು ಕರಾರಿನಲ್ಲಿ ಇರಲಿ. ನಿಮ್ಮ ಊರಿನ ನಿಯಮ ಏನೆಂದು ನಗರಸಭೆಯಲ್ಲೋ ಪಂಚಾಯಿತಿಯಲ್ಲೋ ಕೇಳಿಕೊಳ್ಳಿ. ಮನೆ ಕೊಡುವವರೇ, ಬೇಡ ಎನ್ನುವ ಮೊದಲು ಒಂದು ಗಳಿಗೆ ಕೂತು ಮಾತಾಡಿ, ನಿಮ್ಮ ಭಯವನ್ನೂ ಬಾಯಿಬಿಟ್ಟು ಹೇಳಿ. ಮನೆ ಬದಲಿಸುವವರೇ, ಸಾಮಾನು ಏರಿಸುವ ಮೊದಲು ನಿಮ್ಮನ್ನು ನಂಬಿದ ಜೀವವನ್ನು ಗಾಡಿ ಹತ್ತಿಸಿ. ನಮ್ಮ ಮನೆಯಲ್ಲಿ ಒಂದು ನಾಯಿ ಇದೆ ಎಂದು ಹೇಳುವುದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ತಲೆ ಎತ್ತಿಯೇ ಹೇಳಿ.