ಝೊಹರಾ ಬರೆದ ಅರ್ಜಿ

"ಎಷ್ಟು ವರ್ಷ ಅಂತ ಬರೆಯಲಿ ಬಾಪ?" ಝೊಹರಾ ತಲೆ ಎತ್ತದೆ ಕೇಳಿದಳು.

"ಹದಿಮೂರು. ಹದಿಮೂರು ವರ್ಷ ಕ್ರೇನ್ ನಡೆಸಿದ್ದೇನೆ, ಒಂದು ದಿನವೂ ಕಂಪ್ಲೇಂಟ್ ಇಲ್ಲ. ಅದನ್ನೂ ಹಾಕು. ಮನೆಯ ತೊಂದರೆಯಿಂದ ಕೆಲಸ ಬಿಡ್ತಾ ಇದ್ದೇನೆ, ನನ್ನ ಸರ್ವಿಸ್ ಹಣ ಬೇಗ ಕೊಡಬೇಕು ಅಂತ ಬರಿ."

ಜುಮಾ ನಮಾಜು ಮುಗಿಸಿ ಬಂದ ಮಹಮ್ಮದ್ ಕುಂಞಿ ಟೊಪ್ಪಿಯನ್ನೂ ತೆಗೆಯದೆ ಮಗಳೆದುರು ನೆಲದಲ್ಲಿ ಕುಳಿತಿದ್ದ. ಸೌದಿಯ ದಮ್ಮಾಮಿನ ಆ ಎರಡು ಕೋಣೆಯ ಮನೆಯಲ್ಲಿ ಮೇಜು ಇರಲಿಲ್ಲ. ಝೊಹರಾ ಹನ್ನೆರಡನೆಯ ತರಗತಿಯವರೆಗೆ ಓದಿದ್ದೆಲ್ಲ ಕಬ್ಬಿಣದ ಟ್ರಂಕಿನ ಮೇಲೆ ಪುಸ್ತಕ ಇಟ್ಟುಕೊಂಡೇ. ಕುಂಞಿ ಊರಿನಲ್ಲಿ ಐದನೆಯ ತನಕ ಕನ್ನಡ ಓದಿದವನು. ಇಂಗ್ಲಿಷಿನಲ್ಲಿ ಅವನಿಗೆ ಗೊತ್ತಿದ್ದದ್ದು ಕ್ರೇನಿನಲ್ಲಿ ಎತ್ತುವ ಪೈಪುಗಳ ಮೇಲೆ ಬರೆದಿರುವ ನಂಬರುಗಳು ಮಾತ್ರ. ಮಗಳಿಗೆ ಹತ್ತು ವರ್ಷವಾದಾಗಿನಿಂದ ಕಂಪೆನಿಗೆ, ಬ್ಯಾಂಕಿಗೆ, ವಾಸದ ಪರವಾನಗಿಯಾದ ಇಕಾಮಾದ ಕೆಲಸಕ್ಕೆ ಬೇಕಾದ ಅರ್ಜಿಗಳನ್ನೆಲ್ಲ ಅವಳೇ ಬರೆಯುತ್ತಿದ್ದಳು.

ನಫೀಸತ್ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಹಿಂದಿನ ರಾತ್ರಿಯೇ ಅವಳು ಹೇಳಬೇಕಾದದ್ದನ್ನೆಲ್ಲ ಗಂಡನಿಗೆ ಹೇಳಿ ಆಗಿತ್ತು. ನಲವತ್ತೆಂಟರ ಪ್ರಾಯದಲ್ಲಿ ಊರಿಗೆ ಹೋಗಿ ಎಂತ ಮಾಡುತ್ತೀರಿ ಎಂದು ಕೇಳಿದ್ದಳು.

ಪೆರ್ನಾಲ್ ಹಬ್ಬ ಮುಗಿದ ವಾರದಲ್ಲೇ ನಫೀಸತಳ ತಮ್ಮ ಅಬ್ದುಲ್ಲಾ ಬಂಟ್ವಾಳದಿಂದ ಬರೆದ ಕಾಗದ ಬಂದಿತ್ತು. ಹೊರದೇಶದಲ್ಲಿ ಓದಿದ ಮಕ್ಕಳಿಗೆ ಸರಕಾರಿ ಮೆಡಿಕಲ್ ಸೀಟು ಇಲ್ಲವಂತೆ; ಊರಿನಲ್ಲೇ ಇಷ್ಟು ವರ್ಷ ಓದಿರಬೇಕೆಂಬ ನಿಯಮ ಇದೆಯಂತೆ. ಝೊಹರಾಳ ಅರ್ಜಿ ಹಾಗೆಯೇ ವಾಪಸು ಬಂದಿದೆ. ಖಾಸಗಿ ಕಾಲೇಜಿನಲ್ಲಿ ಡೊನೇಷನ್ ಕೊಟ್ಟರೆ ಒಂದು ಸೀಟು ಸಿಕ್ಕೀತು, ತಿಂಗಳ ಕೊನೆಯೊಳಗೆ ಒಪ್ಪಿಗೆಯ ತಂತಿ ಕಳುಹಿಸಬೇಕು. ಅದೇ ಲಕೋಟೆಯಲ್ಲಿ ಅಬ್ದುಲ್ಲಾ ಇನ್ನೊಂದು ಫಾರಂ ಕೂಡ ಇಟ್ಟಿದ್ದ. ಮಂಗಳೂರಿನ ಹೆಣ್ಣುಮಕ್ಕಳ ಡಿಗ್ರಿ ಕಾಲೇಜಿನದು, ಬಿ.ಎಸ್ಸಿ.ಗೆ. ಫೀಸು ಕಡಿಮೆ, ಹಾಸ್ಟೆಲ್ ಇದೆ ಎಂದಷ್ಟೇ ಅದರ ಬಗ್ಗೆ ಬರೆದಿದ್ದ.

ಡೊನೇಷನ್ನಿನ ಮೊತ್ತ ಓದಿದ ಮೇಲೆ ಕುಂಞಿ ಮೂರು ವಾರ ಕೇಳಬಹುದಾದವರನ್ನೆಲ್ಲ ಕೇಳಿದ. ಎಣ್ಣೆಯ ಬೆಲೆ ಬಿದ್ದು ದಮ್ಮಾಮಿನ ಅರ್ಧ ಕಂಪೆನಿಗಳು ಸಂಬಳವನ್ನೇ ತಡಮಾಡುತ್ತಿದ್ದ ವರ್ಷ ಅದು. ಕೊಡುವವರು ಯಾರೂ ಇರಲಿಲ್ಲ. ನಫೀಸತಳ ಬಳೆ, ಸರ ಮಾರಿದರೂ ಸಾಲದು. ಅಷ್ಟು ದೊಡ್ಡ ಹಣ ಒಟ್ಟಿಗೆ ಸಿಗುವ ದಾರಿ ಒಂದೇ. ಕಂಪೆನಿ ಹದಿಮೂರು ವರ್ಷದ ಸರ್ವಿಸ್ ಹಣ ಕೊಡುತ್ತದೆ. ಆದರೆ ಅದು ಕೆಲಸ ಬಿಟ್ಟು ಹೋಗುವವರಿಗೆ ಮಾತ್ರ.

ಡಾಕ್ಟರಾಗುವ ಆಸೆ ಝೊಹರಾಳಿಗೆ ಒಂಬತ್ತನೆಯ ವಯಸ್ಸಿನಲ್ಲಿ ಹುಟ್ಟಿದ್ದು. ಕುಂಞಿ ಪೈಪ್ ಯಾರ್ಡಿನಲ್ಲಿ ಕೆಲಸದಲ್ಲಿದ್ದ ಒಂದು ಹಗಲು ನಫೀಸತಳಿಗೆ ಆರು ತಿಂಗಳ ಬಸುರಿನಲ್ಲಿ ರಕ್ತ ಹೋಗಲು ಶುರುವಾಯಿತು. ಪಕ್ಕದ ಮನೆಯವರು ಆಸ್ಪತ್ರೆಗೆ ಒಯ್ದರು. ಡಾಕ್ಟರು ಅರಬ್ಬಿಯಲ್ಲಿ ಕೇಳುತ್ತಿದ್ದ. ಶಾಲೆಯಲ್ಲಿ ಕಲಿತ ನಾಲ್ಕು ಅರಬ್ಬಿ ಮಾತುಗಳನ್ನಿಟ್ಟುಕೊಂಡು ಝೊಹರಾ ಇಬ್ಬರ ನಡುವೆ ನಿಂತಳು. ಕೆಲವು ಮಾತುಗಳನ್ನು ಮಗಳ ಬಾಯಿಂದ ಹೇಳಿಸಲು ನಾಚಿ ನಫೀಸತ್ ಹೇಳಲೇ ಇಲ್ಲ. ಮಗು ಉಳಿಯಲಿಲ್ಲ. ಆ ದಿನದ ಬಗ್ಗೆ ಝೊಹರಾ ಮಾತಾಡಿದವಳಲ್ಲ. ಆದರೆ ಮರುವರ್ಷದಿಂದ ಶಾಲೆಯಲ್ಲಿ ಮುಂದೆ ಏನಾಗುತ್ತೀ ಎಂದು ಯಾರು ಕೇಳಿದರೂ ಅವಳ ಉತ್ತರ ಒಂದೇ ಆಗಿತ್ತು. ಈ ಸಲ ಜೀವಶಾಸ್ತ್ರದಲ್ಲಿ ಶಾಲೆಗೇ ಮೊದಲಿಗಳು.

ಝೊಹರಾ ಪೆನ್ನು ಕೆಳಗಿಟ್ಟಳು. "ಆಯ್ತು ಬಾಪ."

"ಓದಿ ಹೇಳು."

ಅವಳು ಕಾಗದ ಕೈಯಲ್ಲಿ ಹಿಡಿದು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ಹದಿಮೂರು ವರ್ಷ, ಕಂಪ್ಲೇಂಟ್ ಇಲ್ಲದ್ದು, ಮನೆಯ ತೊಂದರೆ, ರಾಜೀನಾಮೆ. ಎಲ್ಲಿಯೂ ತಡವರಿಸಲಿಲ್ಲ. ಅವನು ಹೇಳಿದ್ದು ಹೇಳಿದ ಹಾಗೆಯೇ ಇತ್ತು. ಕುಂಞಿ ಅವಳು ಬೆರಳಿಟ್ಟು ತೋರಿಸಿದ ಕಡೆ ಕನ್ನಡದಲ್ಲಿ ಸಹಿ ಹಾಕಿದ.

ಮರುದಿನ ಬೆಳಿಗ್ಗೆ ಪೈಪ್ ಯಾರ್ಡಿನ ಆಫೀಸಿಗೆ ಹೋದಾಗ ಕ್ಲಾರ್ಕ್ ಶೇಖರ ಒಬ್ಬನೇ ಇದ್ದ. ಉಡುಪಿಯವನು, ಕುಂಞಿಗಿಂತ ಹತ್ತು ವರ್ಷ ಚಿಕ್ಕವನು, ಅಣ್ಣನೆಂಬ ಲೆಕ್ಕದಲ್ಲಿ ಅವನನ್ನು ಕುಂಞಾಕ ಎನ್ನುತ್ತಿದ್ದ. ಕಂಪೆನಿಯ ಕಾಗದಪತ್ರಗಳೆಲ್ಲ ಅವನ ಕೈಯಿಂದಲೇ ಮ್ಯಾನೇಜರನ ಮೇಜಿಗೆ ಹೋಗಬೇಕು. ಶೇಖರ ಅರ್ಜಿಯ ಮೇಲೆ ಕಣ್ಣಾಡಿಸಿ, "ಎರಡು ತಿಂಗಳು ಬೇಡ ಕುಂಞಾಕ," ಎಂದ. "ಹದಿನೈದು ದಿನ ಕೇಳುವ. ಈಗಿನ ಟೈಮಿನಲ್ಲಿ ಜಾಸ್ತಿ ದಿನ ಕಣ್ಣಿಗೆ ಕಾಣದೆ ಇರಬಾರದು. ಮಗಳನ್ನು ಸೇರಿಸಿ ಬರ್ಲಿಕ್ಕೆ ಅಷ್ಟು ಸಾಕಲ್ಲ?"

"ಎಂತ ಎರಡು ತಿಂಗಳು?"

"ರಜೆ ಮಾರಾಯ್ರೆ. ಮಗಳನ್ನು ಮಂಗಳೂರಿನಲ್ಲಿ ಬಿ.ಎಸ್ಸಿ.ಗೆ ಸೇರಿಸ್ಲಿಕ್ಕೆ ಎರಡು ತಿಂಗಳ ರಜೆ ಬೇಕು ಅಂತ ಬರೆದಿದ್ದೀರಲ್ಲ."

ಕುಂಞಿ ಕಾಗದವನ್ನು ವಾಪಸು ತೆಗೆದುಕೊಂಡು ನೋಡಿದ. ಓರಣವಾದ ಅಕ್ಷರಗಳು, ಕೆಳಗೆ ತನ್ನದೇ ಸಹಿ. ನಿನ್ನೆಯವರೆಗೆ ನಡೆದದ್ದನ್ನೆಲ್ಲ ಶೇಖರನಿಗೆ ಹೇಳಿದ.

"ನೀನೇ ಬರಿ," ಎಂದ. "ಈಗಲೇ. ರಾಜೀನಾಮೆ."

ಶೇಖರ ಎದ್ದು ಬಾಗಿಲು ಮುಂದೆ ಮಾಡಿ ಬಂದ. "ಬರೀತೇನೆ. ಮ್ಯಾನೇಜರ್ ಇವತ್ತೇ ಸೈನ್ ಹಾಕ್ತಾನೆ. ಈ ತಿಂಗಳು ಎಂಟು ಜನರನ್ನು ಕಡಿಮೆ ಮಾಡ್ಲಿಕ್ಕೆ ಅವನಿಗೆ ಮೇಲಿಂದ ಬಂದಿದೆ. ನೀವಾಗಿ ಹೋದರೆ ಅವನಿಗೆ ಖುಷಿ. ಆದರೆ ಒಂದು ಮಾತು ಕುಂಞಾಕ, ಆ ಹಣ ಮೊದಲ ವರ್ಷಕ್ಕೆ ಆಯ್ತು. ಮತ್ತೆ?"

"ಬಂದರಿನಲ್ಲಿ ಮೂಟೆ ಹೊರ್ತೇನೆ."

"ಮೂಟೆ ಹೊತ್ತು ಮೆಡಿಕಲ್ ಫೀಸು ಕಟ್ಲಿಕ್ಕೆ ಆಗ್ತದಾ?"

"ನಿನಗೆ ಬರೀಲಿಕ್ಕೆ ಆಗ್ತದಾ ಇಲ್ವಾ ಹೇಳು."

ಶೇಖರ ಟೈಪ್‌ರೈಟರಿಗೆ ಕಾಗದ ಏರಿಸಿದ. ಅಷ್ಟರಲ್ಲಿ ಹೊರಗೆ ಲಾರಿ ಹಾರ್ನ್ ಹೊಡೆಯಿತು. ಪೈಪ್ ಇಳಿಸಬೇಕಿತ್ತು. "ಟೈಪ್ ಮಾಡಿ ಇಟ್ಟಿರು," ಎಂದು ಕುಂಞಿ ಹೊರಟ.

ಕ್ರೇನಿನ ಕ್ಯಾಬಿನ್ ಆಗಲೇ ಕಾದಿತ್ತು. ಸಮುದ್ರದ ಕಡೆಯ ಜಿಗುಟು ಸೆಕೆಗೆ ಅಂಗಿ ಬೆನ್ನಿಗೆ ಅಂಟಿತು. ಮೊದಲ ಪೈಪಿನ ಕಟ್ಟು ಮೇಲೆದ್ದಾಗ ಅವನಿಗೆ ಮಗಳು ಅರ್ಜಿ ಓದಿದ ರೀತಿ ನೆನಪಾಯಿತು. ಇಲ್ಲದ ಸಾಲುಗಳನ್ನು ಅವಳು ಇದ್ದಂತೆ ಓದಿದ್ದಳು. ಯಾವಾಗ ಯೋಚಿಸಿಟ್ಟಿದ್ದಳು? ರಾತ್ರಿ ತಾನೂ ನಫೀಸತಳೂ ಮಾತಾಡುತ್ತಿದ್ದಾಗ ಆಚೆ ಕೋಣೆಯಲ್ಲಿ ಅವಳಿಗೆ ನಿದ್ದೆ ಬಂದಿರಲಿಲ್ಲವೇ? ಮೊದಲು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ಯಾರಿಗೂ ಹೇಳಲಾಗದಂಥ ಒಂದು ನೆಮ್ಮದಿಯೂ ಬಂತು. ತನ್ನೊಳಗೆ ಅದನ್ನು ಕಂಡು ಕುಂಞಿಗೆ ಹೇಸಿಗೆಯಾಯಿತು.

"ಕುಂಞಾಕ, ಇಳಿಸಿ!" ಕೆಳಗಿನಿಂದ ಸನ್ನೆ ಕೊಡುತ್ತಿದ್ದ ಕೋಯ ಕೂಗಿದ. ಅವನು ಆಗಲೇ ಮೂರು ಸಲ ಕೈ ಬೀಸಿದ್ದ. ಪೈಪಿನ ಕಟ್ಟು ನಿಂತಲ್ಲೇ ತೂಗಾಡುತ್ತಿತ್ತು, ಅದರ ಕೆಳಗಿಂದ ಜನ ದೂರ ಸರಿಯುತ್ತಿದ್ದರು. ಕುಂಞಿ ನಿಧಾನವಾಗಿ ಇಳಿಸಿದ.

ಮಧ್ಯಾಹ್ನ ಆಫೀಸಿಗೆ ಬಂದಾಗ ಶೇಖರ ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದ. ಒಂದು ಟೈಪ್ ಮಾಡಿದ್ದು, ಇನ್ನೊಂದು ಝೊಹರಾಳದು. ಕುಂಞಿ ನೀರು ಕುಡಿದ. ಗ್ಲಾಸನ್ನು ತೊಳೆದು ಇಟ್ಟ. ಆಮೇಲೆ ಮಗಳು ಬರೆದ ಕಾಗದವನ್ನು ಶೇಖರನ ಕಡೆಗೆ ಸರಿಸಿ, "ಹದಿನೈದು ದಿನ ಅಂತ ತಿದ್ದು," ಎಂದ.

ಸಂಜೆ ಮನೆಗೆ ಬಂದಾಗ ಝೊಹರಾ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವನ ಮುಖ ನೋಡಿ ಕೈ ನಿಲ್ಲಿಸಿದಳು.

"ಶೇಖರ ಓದಿದ," ಎಂದ ಕುಂಞಿ.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ಬಾಪನಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಮೋಸ ಮಾಡಿದೆಯಾ ಮೋಳೇ?"

"ಹೌದು ಬಾಪ."

ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದ ಕುಂಞಿ ಟ್ರಂಕಿನ ಮೇಲೆ ಕುಳಿತ. ಝೊಹರಾಳೇ ಮಾತಾಡಿದಳು. "ಹಣ ಮುಗಿದ ಮೇಲೆ ನಡುವಿನಲ್ಲಿ ಬಿಡಿಸಿ ಕರ್ಕೊಂಡು ಬಂದರೆ ನನಗೆ ತಡ್ಕೊಳ್ಲಿಕ್ಕೆ ಆಗ್ಲಿಕ್ಕಿಲ್ಲ ಬಾಪ. ಮೆಡಿಕಲ್ ಸೇರದೇ ಇದ್ದರೆ ಹೇಗಾದರೂ ಆದೀತು." ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದಳು: "ಬಿ.ಎಸ್ಸಿ. ಮಾಡ್ತೇನೆ. ಅದು ಮುಗಿಸಿದವರಿಗೆ ಆಮೇಲೆ ಮೆಡಿಕಲ್ ಸಿಗ್ತದಂತೆ. ಮಾಮ ಕಾಗದದಲ್ಲಿ ಬರೆದಿದ್ದಾರಲ್ಲ."

ಅಬ್ದುಲ್ಲಾನ ಕಾಗದ ಕನ್ನಡದಲ್ಲಿತ್ತು. ಕುಂಞಿ ಅದನ್ನು ತಾನೇ ನಾಲ್ಕು ಸಲ ಓದಿದ್ದ. ಹಾಗೆಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ.

"ಹೌದು," ಎಂದ ಅವನು. "ಬರೆದಿದ್ದಾನೆ."

ಅಡುಗೆಮನೆಯಲ್ಲಿ ನಫೀಸತ್ ನಲ್ಲಿ ತಿರುಗಿಸಿದ ಸದ್ದಾಯಿತು. ನೀರು ಬಹಳ ಹೊತ್ತು ಸುಮ್ಮನೆ ಸುರಿಯುತ್ತಲೇ ಇತ್ತು.

ಎರಡು ದಿನಗಳ ನಂತರ ಕಾಲೇಜಿನ ಫಾರಮಿಗೆ ಫೋಟೋ ತೆಗೆಸಲು ತಂದೆ ಮಗಳು ಪೇಟೆಗೆ ಹೋದರು. ರಾತ್ರಿಯ ಇಶಾ ನಮಾಜಿನ ಬಾಂಗಿಗೆ ಅಂಗಡಿ ಮುಚ್ಚುವ ಮೊದಲು ಮುಗಿಸಬೇಕೆಂದು ಪಾಕಿಸ್ತಾನಿ ಫೋಟೋಗ್ರಾಫರ್ ಅವಸರ ಮಾಡುತ್ತಿದ್ದ. ಝೊಹರಾ ನೀಲಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕುಳಿತು ತಲೆಯ ಮೇಲಿನ ಶಾಲು ಸರಿಮಾಡಿಕೊಂಡಳು. ಫೋಟೋಗ್ರಾಫರ್ ಲೈಟು ತಿರುಗಿಸುತ್ತ, ಫೋಟೋ ಯಾತಕ್ಕೆಂದು ಕುಂಞಿಯನ್ನು ಕೇಳಿದ.

"ಕಾಲೇಜಿಗೆ," ಎಂದ ಕುಂಞಿ ತನ್ನ ಹರುಕು ಉರ್ದುವಿನಲ್ಲಿ.

"ಏನು ಓದುತ್ತಾಳೆ?"

ಕುಂಞಿ ಬಾಯಿ ತೆರೆದ. "ಡಾಕ್ಟರ್," ಎಂಬ ಮಾತು ಹೊರಗೆ ಬಂದೇ ಬಿಟ್ಟಿತು. ಝೊಹರಾ ಅವನ ಕಡೆ ನೋಡಿದಳು. ತಿದ್ದಲಿಲ್ಲ.

"ಮಾಶಾ ಅಲ್ಲಾಹ್," ಎಂದು ಫೋಟೋಗ್ರಾಫರ್ ಕ್ಯಾಮೆರಾದ ಹಿಂದೆ ಬಗ್ಗಿದ. "ಡಾಕ್ಟರ್ ಸಾಹಿಬಾ, ಈ ಕಡೆ ನೋಡಿ. ಅಲುಗಾಡಬೇಡಿ."

ಝೊಹರಾ ಗಲ್ಲ ಎತ್ತಿ, ಕಣ್ಣಿನ ರೆಪ್ಪೆ ಮಿಟುಕಿಸದೆ ಕುಳಿತಳು. ಗೋಡೆಯ ಬದಿಯ ಬೆಂಚಿನಲ್ಲಿದ್ದ ಕುಂಞಿಯೂ ಎರಡು ಕೈಗಳನ್ನು ಮೊಣಕಾಲ ಮೇಲೆ ಊರಿ, ಬೆಳಕು ಹೊಡೆದು ಹೋಗುವ ತನಕ ಉಸಿರು ಬಿಗಿಹಿಡಿದು ಅಲುಗಾಡದೆ ಕುಳಿತ.