ತುಳಿಯದ ಲಿಂಬೆಹಣ್ಣು

ಗೋರೆಗಾಂವಿನ ಸಾಲುಕೋಣೆಗಳ ನಮ್ಮ ಚಾಳಿನಲ್ಲಿ ನಳಕ್ಕೆ ನೀರು ಬಂತೆಂದರೆ ಹೆಂಗಸರೆಲ್ಲ ಅಲ್ಲೇ. ನಳ ಇರುವುದು ಇಳಿಜಾರು ಗಲ್ಲಿಯ ಕೆಳತುದಿಯಲ್ಲಿ. ಮೇಲ್ತುದಿಯಲ್ಲಿ ಒಂದು ಸಣ್ಣ ಬಯಲು. ಆ ಬಯಲಿನಲ್ಲಿ, ನಮ್ಮ ಚಾಳಿನಲ್ಲೇ ಇದ್ದ ಸರ್ದಾರ ಎಂಬವನ ಲಾರಿ ಐದು ಮಳೆಗಾಲ ನೆನೆಯುತ್ತ ನಿಂತಿತ್ತು. ಬೆನ್ನುನೋವು ಹತ್ತಿದ ಸರ್ದಾರ ಕೀಲಿಯನ್ನು ತಮ್ಮ ಸಿಕಂದರನ ಕೈಗಿಟ್ಟು ಊರಿಗೆ ಹೋಗಿದ್ದ. ಅಂದಿನಿಂದ ಆ ಲಾರಿ ಉಪಯೋಗಕ್ಕೆ ಬಂದದ್ದು ನನಗೊಬ್ಬಳಿಗೇ. ಈ ದೇವಕ್ಕ ಅದರ ಮೇಲೆ ಒಣಗಿಸಿದ ಕೌದಿಗಳಿಗೆ ಲೆಕ್ಕವಿಲ್ಲ.

ಎಪ್ಪತ್ತನಾಲ್ಕರ ಬೇಸಿಗೆ. ರೈಲು ಮುಷ್ಕರ ಶುರುವಾಗಿತ್ತು. ಲಾರಿ ಇದ್ದವನನ್ನು ಜನ ಹುಡುಕಿಕೊಂಡು ಬರುತ್ತಿದ್ದರು. ಪರೇಲಿನಲ್ಲಿ ಬೇರೆಯವರ ಲಾರಿ ಓಡಿಸುತ್ತಿದ್ದ ಸಿಕಂದರನಿಗೆ ಬೊರಿವಲಿಯ ಒಬ್ಬ ಗುತ್ತಿಗೆದಾರ, "ಸೋಮವಾರ ಸ್ವಂತ ಲಾರಿ ತಂದರೆ ಮರಳು ಸಾಗಿಸುವ ಕೆಲಸ ನಿನ್ನದೇ" ಎಂದಿದ್ದ. ಸಿಕಂದರನಿಗೆ ರೆಕ್ಕೆ ಮೂಡಿದವು.

ಶನಿವಾರ ಬೆಳಿಗ್ಗೆ ಅವನ ಹೆಂಡತಿ ಸುಗರಾ ನನ್ನ ಕೈಗೆ ನಾಲ್ಕು ಲಿಂಬೆಹಣ್ಣು ಕೊಟ್ಟು, ಮಗಳನ್ನು ಸೊಂಟಕ್ಕೇರಿಸಿ ನಳಕ್ಕೆ ಇಳಿದಳು. ನಮ್ಮ ಬಿಜಾಪುರದ ಕಡೆಯವರು ಯಾವ ದೇವರಿಗೆ ನಡೆದುಕೊಂಡರೂ ಸರಿ, ಗಾಡಿ ಹೊರಡುವಾಗ ಚಕ್ರದ ಕೆಳಗೆ ಲಿಂಬೆಹಣ್ಣು ಇಡದೆ ಬಿಡುವವರಲ್ಲ. ಹಣ್ಣು ಪಚಕ್ಕನೆ ಒಡೆದರೆ ದೃಷ್ಟಿ ಹೋಯಿತು.

"ಎಲ್ಲಾರೂ ಹಿಂದಿಂದ ದಬ್ರಿ! ಇಳಿಜಾರಕ್ಕ ಬಿಟ್ಟು ಗೇರ್ ಹಾಕಿದ್ರ ಸಾಕು, ಝಟ್ಟನ ಚಾಲೂ!" ಎಂದ ಸಿಕಂದರ.

"ತಡಿ ತಮ್ಮಾ," ಎಂದು ಯಾರೋ ಕೂಗಿದರು. ನಮ್ಮ ಪಕ್ಕದ ಖೋಲಿಯ ಅಣವೀರಪ್ಪ. ಬಸ್ ಡಿಪೋದಲ್ಲಿ ಫಿಟ್ಟರ್. "ಐದು ವರ್ಷ ಮಲಗಿದ್ದನ್ನ ಎಬ್ಬಿಸಿ, ಕಣ್ಣು ಬಿಡೂದ್ರಾಗ ಓಡು ಅಂತಿಯಲ್ಲ! ಮೊದಲ ಅದರ ಹೊಟ್ಟ್ಯಾಗ ಏನೈತಿ ನೋಡೂಣು."

ಹೊಟ್ಟೆಯಲ್ಲಿ ಏನಿದೆ ಎಂದ ಮೇಲೆ ನಾನು ಸುಮ್ಮನಿರುವುದುಂಟೇ? ಲಿಂಬೆಹಣ್ಣು ಸೆರಗಿಗೆ ಕಟ್ಟಿಕೊಂಡು ಮುಂದೆ ನುಗ್ಗಿದೆ.

ಅಣವೀರಪ್ಪ ಡೀಸೆಲ್ ಟಾಕಿಯ ಅಡಿಯ ಬಿರಡೆ ತೆಗೆದು ಬಂದದ್ದನ್ನು ಗಾಜಿನ ಬಾಟಲಿಗೆ ಹಿಡಿದ. ಸ್ವಲ್ಪ ಹೊತ್ತಿಗೆ ಕೆಳಗೆ ನೀರು, ಮೇಲೆ ಕಪ್ಪು ಡೀಸೆಲ್.

"ಅಯ್ಯ! ಮುಚ್ಚಳಾ ಹಾಕಿದ ಟಾಕ್ಯಾಗ ನೀರು ಹೆಂಗ ಹೊಕ್ಕಿತು?"

"ಖಾಲಿ ಟಾಕಿ ಒಳಗಽ ಬೆವರತೈತಿ ದೇವಕ್ಕಾ. ಇದು ಪಂಪಿಗೆ ಹೋತಂದ್ರ ಪಂಪು ಕೆಟ್ಟಽ ಹೋಗತೈತಿ."

ಎಂಜಿನ್ನಿಗೆ ಗಾಳಿ ಹೋಗುವ ಡಬ್ಬಿ ಬಿಚ್ಚಿದರೆ ಇಲಿಗೂಡು! ಅದರೊಳಗೆ ಕಳೆದುಹೋದ ನನ್ನ ಹಸಿರು ಕುಪ್ಪಸದ ತೋಳು! ನೀರು ತಂದಿಟ್ಟು ಬಂದಿದ್ದ ಸುಗರಾ ಬಿದ್ದು ಬಿದ್ದು ನಕ್ಕಳು. ನನಗೇನೂ ನಗು ಬರಲಿಲ್ಲ.

ಎಂಜಿನ್ ಎಣ್ಣೆ ಕಾಕಂಬಿಯಂತಾಗಿತ್ತು. ಅದನ್ನೂ ಫಿಲ್ಟರನ್ನೂ ಬದಲಿಸಿದರು. ರೇಡಿಯೇಟರಿನ ಕೆಂಪು ನೀರು ಚೆಲ್ಲಿ ತೊಳೆದರು. ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದರು.

"ಇದ್ಯಾಕ?" ಎಂದೆ.

"ಒಳಗ ಹಿಡಕೊಂಡಿದ್ರ ಕೈಗೆ ಗೊತ್ತಾಗತೈತಿ. ಗೊತ್ತಿಲ್ಲದ ಚಾಲೂ ಮಾಡಿದ್ರ ಮುರದಽ ಹೋಗತೈತಿ."

ಹೊಸ ಡೀಸೆಲ್ ಹಾಕಿ, ಪೈಪಿನೊಳಗಿನ ಗಾಳಿ ತೆಗೆದು, ಎರವಲು ಬ್ಯಾಟರಿ ಜೋಡಿಸುವಷ್ಟರಲ್ಲಿ ಭಾನುವಾರ ಬೆಳಗಾಯಿತು. ಲಾರಿ ಕೆಮ್ಮಿತು, ಕರಿಹೊಗೆ ಉಗುಳಿತು, ಆಮೇಲೆ ಗುಡುಗುಡು ಎಂದಿತು. ಚಾಳಿಗೆ ಚಾಳೇ ಚಪ್ಪಾಳೆ ತಟ್ಟಿತು.

"ಚಾಲೂ ಆತು! ಇಡ್ರಿ ಲಿಂಬಿಹಣ್ಣು!" ಸಿಕಂದರ ಕುಣಿದ.

"ಚಾಲೂ ಆತು, ಖರೆ," ಎಂದ ಅಣವೀರಪ್ಪ. "ನಿಲ್ಲತೈತೇನು?"

"ಐದು ವರ್ಷ ನಿಂತಿದ್ದಕ್ಕ ನಿಲ್ಲಾಕ ಕಲಿಸ್ತೀರೇನಣ್ಣ!" ಸಿಕಂದರನ ಮಾತಿಗೆ ಎಲ್ಲರೂ ನಕ್ಕರು. ಅವನು ಬ್ರೇಕ್ ಒಮ್ಮೆ ಒತ್ತಿ ಬಿಟ್ಟ. "ನೋಡ್ರಿ, ಕಲ್ಲಿನಂಗ ಗಟ್ಟಿ ಐತಿ."

ಅಣವೀರಪ್ಪ ಗಲ್ಲಿಯ ಬಾಯಿಗೆ ಅಡ್ಡಲಾಗಿ ಮರಳು ಚೀಲ ಪೇರಿಸಿದ. ನಳದ ಹತ್ತಿರ ಇದ್ದ ಹೆಂಗಸರನ್ನೆಲ್ಲ ದೂರ ಕಳಿಸಿದ.

"ಸುಮ್ಸುಮ್ನ ಖಾಲಿಪೀಲಿ ಅಂಜಸ್ತೀರಿ," ಎಂದು ಸಿಕಂದರ ಗೊಣಗಿದ.

ಅಣವೀರಪ್ಪ ನನ್ನ ಕೈಯಿಂದ ಒಂದು ಲಿಂಬೆಹಣ್ಣು ಇಸಿದುಕೊಂಡ. ಚಕ್ರದ ಕೆಳಗೆ ಇಡಲಿಲ್ಲ. ಚಕ್ರಕ್ಕೆ ಎದುರಾಗಿ, ಬಯಲಿನ ನಡುವೆ ಇಟ್ಟ. "ಮೆಲ್ಲಕ ಬಾ. ಇದನ್ನ ತುಳೀದಂಗ ನಿಲ್ಸು."

ಇದೇನು ಹೊಸ ಪದ್ಧತಿ ಎಂದು ನಾನು ಬಾಯಿ ತೆರೆದು ನಿಂತೆ. ಲಾರಿ ನಡಿಗೆಯ ವೇಗದಲ್ಲಿ ಬಂತು. ಸಿಕಂದರ ಬ್ರೇಕ್ ಒತ್ತಿದ. ಲಾರಿ ತುಸು ತಡೆಯಿತು, ಮತ್ತೆ ಉರುಳಿತು. ಪಚಕ್! ಹಣ್ಣು ಅಪ್ಪಚ್ಚಿ. ಸಿಕಂದರ ಎದ್ದು ನಿಂತು ತುಳಿದ. ಕಾಲು ತಳ ಮುಟ್ಟಿತು. ಲಾರಿ ಹೋಗಿ ಮರಳು ಚೀಲಕ್ಕೆ ಢಿಕ್ಕಿ ಹೊಡೆದು ನಿಂತಿತು. ಅದು ಬಂದ ದಾರಿಯುದ್ದಕ್ಕೂ ಬ್ರೇಕ್ ಎಣ್ಣೆಯ ಒದ್ದೆ ಗೆರೆ.

ಸಿಕಂದರ ಇಳಿದು ಚೀಲಗಳ ಆಚೆ ನೋಡಿದ. ಇಳಿಜಾರು ನೇರ ನಳಕ್ಕೆ ಹೋಗಿ ಮುಟ್ಟುತ್ತಿತ್ತು. ಅಲ್ಲಿ ಕೊಡಗಳ ಸಾಲು ಮಾತ್ರ ಇತ್ತು. ನಿನ್ನೆ ಲಾರಿ ದಬ್ಬಿ ಎಂದು ಅವನು ಕೂಗಿದಾಗ ಅದೇ ಸಾಲಿನಲ್ಲಿ ಸುಗರಾ ಇದ್ದಳು, ಸೊಂಟದ ಮೇಲೆ ಮಗಳಿದ್ದಳು.

"ಯಾ ಅಲ್ಲಾ," ಎಂದವನೇ ಅಲ್ಲೇ ನೆಲಕ್ಕೆ ಕುಸಿದ. ಗಿರಿಜಾ ಮೀಸೆಯ ಗಂಡಸು ಹೋ ಎಂದು ಅತ್ತ.

"ಬ್ರೇಕ್ ಕಾಲಿಗೆ ಗಟ್ಟಿ ಹತ್ತಿತ್ತಲ್ಲಣ್ಣ?"

"ಒಮ್ಮೆ ಒತ್ತಿ ಬಿಟ್ಟಿ ತಮ್ಮಾ. ಒತ್ತಿ ಹಿಡದಿದ್ರ ಕಾಲು ಮೆಲ್ಲಕ ಕೆಳಗ ಇಳೀತಿತ್ತು. ಆಗ ತಿಳೀತಿತ್ತು, ಎಲ್ಲೋ ಸೋರತೈತಿ ಅಂತ."

ಚಕ್ರ ಬಿಚ್ಚಿದಾಗ ಒಳಗಿನ ಬ್ರೇಕಿನ ರಬ್ಬರ್ ಒಣ ರೊಟ್ಟಿಯಂತೆ ಕೈಯಲ್ಲೇ ಪುಡಿಯಾಯಿತು. ಹೊರಗೆ ಕಪ್ಪಗೆ ಚೆಂದ ಕಾಣುತ್ತಿದ್ದ ಟೈರುಗಳ ಪಕ್ಕದಲ್ಲೂ ಬಿರುಕು.

ಸೋಮವಾರ ಸಿಕಂದರ ಬರಿಗೈಯಲ್ಲಿ ಬೊರಿವಲಿಗೆ ಹೋಗಿ, "ಬ್ರೇಕ್ ಹಿಡಿಯುತ್ತಿಲ್ಲ, ಲಾರಿ ತರುವುದಿಲ್ಲ" ಎಂದು ಹೇಳಿದ. ಗುತ್ತಿಗೆದಾರ ಸಿಡುಕಿದ, ಬೇರೆಯವನ ಲಾರಿ ಕರೆಸಿದ. ಆಮೇಲೆ ಏನನ್ನಿಸಿತೋ, "ಸರಿಯಾದ ಮೇಲೆ ಬಾ, ಮರಳೇನೂ ಓಡಿಹೋಗುವುದಿಲ್ಲ" ಎಂದು ಕಳಿಸಿದ.

ಹೊಸ ರಬ್ಬರ್, ಹೊಸ ಬ್ರೇಕ್ ಎಣ್ಣೆ, ಬೇರೆ ಟೈರು, ದೀಪ, ಹಾರ್ನ್, ಎಲ್ಲ ಆಯಿತು. ಈಗ ಲಿಂಬೆಹಣ್ಣು ಇಟ್ಟವನು ಸಿಕಂದರನೇ. ಲಾರಿ ಬಂತು. ಹಣ್ಣಿಗೆ ಒಂದು ಗೇಣು ಇರುವಾಗ ಗಕ್ಕನೆ ನಿಂತಿತು. ಸಿಕಂದರ ಕಾಲು ತೆಗೆಯಲಿಲ್ಲ, ಒತ್ತಿಯೇ ಹಿಡಿದ. ಲಾರಿ ಅಲುಗಲಿಲ್ಲ. ಆಮೇಲೆಯೇ ಆರ್‌ಟಿಓ ತಪಾಸಣೆಗೆ ಒಯ್ದು, ಪಾಸು ಮಾಡಿಸಿಕೊಂಡು ಬೊರಿವಲಿಗೆ ಹೋದ.

ನನಗೆ ಒಂದೇ ಅನುಮಾನ ಉಳಿದಿತ್ತು. "ಸುಗರಾ, ಹಣ್ಣು ಒಡೀಲೇ ಇಲ್ಲ. ದೃಷ್ಟಿ ಹೋತೇನ?"

ಸುಗರಾ ಹಣ್ಣನ್ನು ಮಣ್ಣು ಒರೆಸಿ ಮಡಿಲಿಗೆ ಹಾಕಿಕೊಂಡಳು. "ಒಡೀಲಿಲ್ಲಲ್ಲ ದೇವಕ್ಕಾ, ಅದಕ್ಕಽ ಹೋತು." ಆ ಸಂಜೆ ಅದೇ ಹಣ್ಣಿನ ಪಾನಕ ಕುಡಿದೆವು.

ಅಣ್ಣಂದಿರೇ, ತಮ್ಮಂದಿರೇ, ನಿಮ್ಮ ಅಂಗಳದಲ್ಲೂ ಬಹಳ ದಿನ ನಿಂತ ಗಾಡಿ ಇದೆಯೇ? ಚಾಲೂ ಆಯಿತೆಂದು ರಸ್ತೆಗೆ ಇಳಿಸಬೇಡಿ. ಬಲ್ಲವರನ್ನು ಕರೆಯಿರಿ, ಬಿಚ್ಚಿಸಿ ನೋಡಿ, ನನ್ನ ಹಾಗೆ ನಾಚಿಕೆ ಬಿಟ್ಟು ಪ್ರಶ್ನೆ ಕೇಳಿ. ಬ್ರೇಕ್ ಒತ್ತಿ ಬಿಡಬೇಡಿ, ಒತ್ತಿ ಹಿಡಿಯಿರಿ. ಇಳಿಜಾರಿನ ಕೆಳಗೆ ಯಾರದೋ ಹೆಂಡತಿ, ಯಾರದೋ ಮಗಳು ನೀರು ಹಿಡಿಯುತ್ತಿರುತ್ತಾರೆ. ಲಿಂಬೆಹಣ್ಣು ಬೇಡ ಎನ್ನುವುದಿಲ್ಲ, ಇಡಿ. ಚಕ್ರದ ಕೆಳಗಲ್ಲ, ಚಕ್ರದ ಮುಂದೆ ಇಡಿ.