ಕೆಳಗಿನ ಅರ್ಧ ಪುಟ

ರೇವಣಸಿದ್ದ ಲೇತ್ ಮಷೀನು ನಿಲ್ಲಿಸಿ, ಕೈಯೊರೆಸುವ ಬಟ್ಟೆಯನ್ನು ನೆಲಕ್ಕೆ ಎಸೆದ. ಗೋಡೆಯ ಗಡಿಯಾರದಲ್ಲಿ ಎರಡೂ ಕಾಲು.

"ಎರಡಕ್ಕ ಬಿಡ್ತೀನಿ ಅಂದಿದ್ರಲ್ಲ ಸಾರ್? ಎರಡೂವರೆಗೆ ಹೆಣ ಎತ್ತತಾರ!"

ಸೂಪರ್‌ವೈಸರ್ ಬಾಲಾಜಿ ಮೊಬೈಲಿನಿಂದ ತಲೆಯೆತ್ತಲಿಲ್ಲ. "ರಿಲೀವರ್ ಬರ್ದೆ ಮಷೀನ್ ಬಿಡೋ ಹಾಗಿಲ್ಲ ಗುರು. ರೂಲ್ಸ್ ಗೊತ್ತಲ್ಲ."

"ನನ್ನ ರಿಲೀವರೇ ಸತ್ತಾನ್ರೀ! ಅವನ ಮಣ್ಣಿಗೇ ನಾ ಹೊಂಟಿದ್ದು!"

"ಬೇರೆಯೋರ್ನ ಕಳಿಸ್ತಿದಾರೆ. ಜಾಲಹಳ್ಳಿ ಕ್ರಾಸಲ್ಲಿ ಟ್ರಾಫಿಕ್ ಅಂತೆ. ಒಂದು ಗಂಟೆ ಅಡ್ಜಸ್ಟ್ ಮಾಡ್ಕೊ."

ಒಂದು ಗಂಟೆ! ಪೀಣ್ಯದ ಅಷ್ಟೂ ಶೆಡ್ಡುಗಳು ಕೇಳುವಂತೆ ಬೈಯಬೇಕೆನಿಸಿತು. ಆದರೆ ಸತ್ತವನು ಒಮ್ಮೆ ತನ್ನಲ್ಲಿ ಕೇಳಿದ್ದೂ ಅಷ್ಟೇ, ಒಂದು ತಾಸು. ಬಟ್ಟೆ ಎತ್ತಿಕೊಂಡು ಮತ್ತೆ ಮಷೀನಿನ ಮುಂದೆ ನಿಂತ.

*

ಏಳು ವರ್ಷದಿಂದ ಆ ಮಷೀನಿನಲ್ಲಿ ರೇವಣಸಿದ್ದನದು ಮೊದಲ ಪಾಳಿ, ಮಲಕಪ್ಪನದು ಎರಡನೆಯದು. ಮಲಕಪ್ಪನಿಗೆ ಸಿನಿಮಾದ ಹುಚ್ಚು, ಅದೂ ಬಿಡುಗಡೆಯಾದ ಶುಕ್ರವಾರವೇ ನೋಡಬೇಕು. ಹನ್ನೊಂದರ ಆಟವೆಂಬುದು ಹೆಸರಿಗಷ್ಟೆ. ಕಟೌಟಿಗೆ ಹಾಲು ಸುರಿದು, ಪಟಾಕಿ ಹೊಡೆದು ಶುರುವಾಗುವಷ್ಟರಲ್ಲಿ ಹನ್ನೆರಡು. ಇಂಟರ್‌ವಲ್ ಆಗುತ್ತಲೇ ಪುಣ್ಯಾತ್ಮ ಬಸ್ಸು ಹಿಡಿದು ಓಡಿಬಂದು, ಎರಡಕ್ಕೆ ಸರಿಯಾಗಿ ಹಾಜರಾಗುತ್ತಿದ್ದ. ಉಳಿದರ್ಧಕ್ಕೆ ಮತ್ತೊಂದು ಟಿಕೆಟ್ಟು ಕೊಳ್ಳುವಷ್ಟು ಕಾಸು ಇರುತ್ತಿರಲಿಲ್ಲ.

"ಹೀರೋ ಹೊಡದಾಟ ಚಲೋ ಮಾಡ್ಯಾನ. ಅಳಾಕ ಮಾತ್ರ ಬರಂಗಿಲ್ಲ," ಎಂದು ಒಂದು ಶುಕ್ರವಾರ ಏದುಸಿರಿನಲ್ಲೇ ವರದಿ ಒಪ್ಪಿಸಿದ. ಆಮೇಲೆ ದನಿ ತಗ್ಗಿಸಿದ. "ರೇವಣ್ಯಾ, ಅರ್ಧಕ್ಕ ಎದ್ದು ಬಂದ್ರ ಜೀವ ಚಡಪಡಸ್ತದೋ. ಮುಂದಿನ ವಾರ ಒಂದು ತಾಸು ನಿಲ್ತೀಯೇನು?"

"ಯಾರೋ ಕುಣಿಯೋದು ನೀ ನೋಡಾಕ ನಾ ಇಲ್ಲಿ ನಿಂತು ಸಾಯ್ಲೇನು? ಎರಡಕ್ಕ ಬಾ, ಅಷ್ಟ."

ಮಲಕಪ್ಪ ನಕ್ಕು ಏಪ್ರನ್ ಕಟ್ಟಿಕೊಂಡ. ಮತ್ತೆಂದೂ ಕೇಳಲಿಲ್ಲ. ಅಷ್ಟು ಅವಸರದಿಂದ ರೂಮಿಗೆ ಹೋಗಿ ರೇವಣಸಿದ್ದ ಕಡಿದು ಕಟ್ಟೆ ಹಾಕಿದ್ದೇನೂ ಇರಲಿಲ್ಲ. ಉಂಡು ಮಲಗಿದ್ದ.

*

ರೇವಣಸಿದ್ದ ಮಲಕಪ್ಪನ ವಠಾರ ಮುಟ್ಟುವಾಗ ನಾಲ್ಕಾಗಿತ್ತು. ಹೆಣವನ್ನು ಕೂರಿಸಿದ್ದ ಗೋಡೆಯ ಬುಡದಲ್ಲಿ ವಿಭೂತಿ, ನಾಲ್ಕು ಚೆಂಡುಹೂವು ಬಿದ್ದಿದ್ದವು. ಗಂಡಸರೆಲ್ಲ ಸ್ಮಶಾನಕ್ಕೆ ಹೋಗಿದ್ದರು.

"ಈಗ ಬಂದ್ಯಾ?" ಮನೆ ಓನರ್ ಪಿಳ್ಳಮ್ಮ ಸಿಡುಕಿದಳು. "ಜೊತೇಲಿ ದುಡ್ದೋನು ಬರ್ಲಿ ಅಂತ ಒಂದು ಗಂಟೆ ಕಾದ್ರು ಕಣಪ್ಪ. ಎಷ್ಟೊತ್ತು ಅಂತ ಇಟ್ಕೊಳ್ತಾರೆ? ಈಗ ಮಣ್ಣೂ ಮುಚ್ಚಿರ್ತಾರೆ."

ಅವನಿಗೆ ತನ್ನ ಮೇಲೇ ರೋಸಿಹೋಯಿತು. ಚಪ್ಪಲಿ ಬಿಡಲೂ ತೋಚದೆ ನಿಂತ. ಒಳಗಿನಿಂದ ಮಲಕಪ್ಪನ ಹೆಂಡತಿ ದೇವಕ್ಕ ಕರೆದಳು. ಅವಳ ಮಡಿಲಲ್ಲಿ ನೂರು ಪುಟದ ನೋಟ್‌ಬುಕ್ಕಿತ್ತು.

"ಶನಿವಾರ ಮುಂಜಾನೆ ಎದ್ದು ಇದರಾಗ ಬರೀತಿದ್ರು ರೇವಣ್ಣಾ. ನನಗ ಓದಾಕ ಬರಂಗಿಲ್ಲ. ಇಷ್ಟು ಓದಿ ಹೇಳು."

ಅವನು ಕೂತು ಓದಿದ: "ಅವ್ವನ ಪಾತ್ರದಾಕಿ ಅತ್ತದ್ದು ಖರೇ ಅನಿಸಿತು. ವಿಲನ್ ಬರೀ ಒದರುತ್ತಾನೆ. ಕಳೆದುಹೋದ ತಂಗಿ ಬದುಕಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ."

"ಮುಂದ?"

ಮುಂದೆ ಸ್ಕೇಲು ಹಿಡಿದು ಎಳೆದ ಒಂದು ಗೆರೆ. ಅದರ ಕೆಳಗೆ ಅರ್ಧ ಪುಟ ಖಾಲಿ. ಇನ್ನೊಂದು ಹಾಳೆ ತಿರುವಿದ. ಅಲ್ಲೂ ಗೆರೆ, ಅಲ್ಲೂ ಖಾಲಿ. ಪುಸ್ತಕದ ತುಂಬ ಹಾಗೆಯೇ.

"ಯಾಕ ಅರ್ಧಾನ ಬರದಾರ?" ದೇವಕ್ಕ ಕೇಳಿದಳು. "ಕೆಳಗ ಯಾಕ ಜಾಗಾ ಬಿಟ್ಟಾರ?"

"ಪೂರ್ತಿ ನೋಡಿದ ಮ್ಯಾಲೆ ಬರಿಯೋಣಂತ ಬಿಟ್ಟಿರಬೇಕು ವೈನಿ." ಅವನು ಖಾಲಿ ಜಾಗದ ಮೇಲೆ ಹೆಬ್ಬೆರಳೂರಿದ. "ಒಂದು ತಾಸು ನಿಲ್ಲು ಅಂತ ಕೇಳಿದ್ದ. ನಾ ನಿಲ್ಲಲಿಲ್ಲ."

ದೇವಕ್ಕ ಅವನನ್ನೇ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. "ಇನ್ನೊಂದು ಓದು," ಎಂದಳು.

ಹಾಳೆ ತಿರುವಲು ಕೈಯೆತ್ತಿದಾಗ ಕಂಡಿತು: ಅವಸರದಲ್ಲಿ ತೊಳೆಯದೆ ಬಂದ ಹೆಬ್ಬೆರಳಿನ ಮಷೀನೆಣ್ಣೆ ಖಾಲಿ ಜಾಗದ ನಡುವೆ ಕಪ್ಪಗೆ ಅಚ್ಚಾಗಿತ್ತು. ರೇವಣಸಿದ್ದ ಅಂಗಿಯ ತುದಿಯಿಂದ ಒರೆಸಿದ. ಅದು ಗೆರೆಯ ತನಕ ಹರಡಿಕೊಂಡಿತು.